ಮಾವನವರ ಐದು ಸಿಗಾರು

ಸಾತನೂರಿನ ಹತ್ತಿರವಿರುವ ನಮ್ಮ ಮಾವನವರ ಮನೆಗೆ ಹೋಗಿ, ನಗುವಂಥದ್ದು ಏನೂ ಆಗದೆ ನಾನು ವಾಪಸ್ಸು ಬಂದದ್ದೇ ಇಲ್ಲ. ನಾನಾಗಿ ಏನೂ ಮಾಡುವುದಿಲ್ಲ. ಆದರೆ ಶುರುವಾಗುವುದು ಮಾತ್ರ ನನ್ನಿಂದಲೇ.

ನಾನು ಬಿಡದಿಯಲ್ಲಿ ಬಾಡಿಗೆ ಕಾರು ಓಡಿಸುವವನು. ಕಾರ್ಖಾನೆಗೆ ಬಂದಿದ್ದ ಒಬ್ಬ ವಿದೇಶಿ ಸಾಹೇಬರನ್ನು ದಿನಾ ಕರೆದುಕೊಂಡು ಹೋಗಿ ಬಿಡುತ್ತಿದ್ದೆ. ಹಬ್ಬಕ್ಕೆ ಅವರು ನನಗೊಂದು ಮರದ ಡಬ್ಬಿ ಕೊಟ್ಟರು. ಒಳಗೆ ಐದು ಸಿಗಾರು. ನನಗೆ ಹೊಗೆ ಆಗಿಬರುವುದಿಲ್ಲ. ಬೀಡಿ ಸೇದುವ ಮಾವನವರಿಗೆ ಆಗುತ್ತದೆಂದು ಒಯ್ದೆ.

ಹೋದ ಗಳಿಗೆ ಸರಿಯಿರಲಿಲ್ಲ. ಅದೇ ವಾರ ಅವರ ಮನೆಯ ರೇಷ್ಮೆಹುಳುಗಳೆಲ್ಲ ಗೂಡು ಕಟ್ಟುವ ಮೊದಲೇ ಸತ್ತಿದ್ದವು. ಹೊಗೆಸೊಪ್ಪೆಂದರೆ ಹುಳುವಿಗೆ ವಿಷ. ಬೀಡಿ ಹಿಡಿದ ಕೈಯಲ್ಲಿ ಕಿತ್ತ ಸೊಪ್ಪು ತಿಂದರೂ ಕಕ್ಕಿಕೊಂಡು ಮಲಗಿಬಿಡುತ್ತವೆ. ಹುಳುಮನೆಯ ಯಜಮಾನಿಕೆ ನಮ್ಮ ಅತ್ತೆಯದು. ಮಾವ ಬೀಡಿ ಬಿಟ್ಟೆನೆಂದು ಅವರ ಮುಂದೆ ಮಾತು ಕೊಟ್ಟ ಮಾರನೇ ದಿನವೇ ನಾನು ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಅತ್ತೆ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಅಳಿಯಂದ್ರು ತಂದಿರೋದು, ಬಿಸಾಕಕ್ಕಾಗಲ್ಲ. ಐದು ಸೇದಿ. ಅಲ್ಲಿ, ಹೊಂಗೆಮರದ ತಾವ. ಸೇದಿದ ಮೇಲೆ ಸ್ನಾನ. ಆರನೇದು ಕಂಡ್ರೆ ಹುಳ ನೀವೇ ಸಾಕ್ಕೊಳಿ, ನಾನು ಮಗಳ ಮನೆಗೆ ಹೊಯ್ತೀನಿ."

ಮಗಳ ಮನೆಯೆಂದರೆ ನನ್ನ ಮನೆ. ಹಾಗಾಗಿ ಈ ಒಪ್ಪಂದದಲ್ಲಿ ನಾನೂ ಸಿಕ್ಕಿಕೊಂಡೆ. ಮಾವನಿಗಂತೂ ಅವು ಈ ಜನ್ಮದ ಕೊನೆಯ ಐದು ಹೊಗೆ. ಒಂದೂ ಕೆಡುವಂತಿರಲಿಲ್ಲ.

ಒಂದನೆಯದು

ಅವತ್ತೇ ಮಧ್ಯಾಹ್ನ, ಮುದ್ದೆ ಬಾಡಿನ ಸಾರು ಉಂಡಾದ ಮೇಲೆ ಹಚ್ಚಿದರು. ಅತ್ತೆ ಹೊಗೆ ಬಾರದ ಕಡೆ ಕೂತು ಅವರೆಕಾಯಿ ಸುಲಿಯುತ್ತ, ನನ್ನ ಹೆಂಡತಿ ಚಿಕ್ಕವಳಿದ್ದಾಗ ಮಾಡಿದ ತರಲೆಗಳನ್ನೆಲ್ಲ ಹೇಳುತ್ತಿದ್ದರು. ಮಾವ ಒಂದು ಗಂಟೆ ಸೇದಿದರು. ಕಣ್ಣು ಅರ್ಧ ಮುಚ್ಚಿತ್ತು.

"ಅಳಿಯಂದ್ರೇ, ಇದು ಹೊಗೆ ಅಲ್ಲ, ಪಾಯಸ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದರು, "ಆ ಸಾಹೇಬ್ರನ್ನ ಬಿಡದೀಲೆ ಪರ್ಮನೆಂಟ್ ಮಾಡ್ಸಕ್ಕಾಗಲ್ವಾ?"

ಎರಡನೆಯದು

ಹದಿನೈದು ದಿನಕ್ಕೆ ಬೆಳಗಾಗೆದ್ದು ಫೋನು. "ಅಳಿಯಂದ್ರೇ, ಎಲ್ಲಾ ಒಂದೇ ಡಬ್ಬಿದಾ? ಇದು ಮೆಣಸಿನಕಾಯಿ ಸುಟ್ಟಂಗೈತೆ."

ವಿಚಾರಿಸಿದರೆ, ಕನಕಪುರಕ್ಕೆ ಹೋಗಲು ಹೊರಟವರು ಖಾಲಿ ಹೊಟ್ಟೆಯಲ್ಲಿ ಹಚ್ಚಿದ್ದಾರೆ. ನಾಲ್ಕು ದಮ್ಮಿಗೆ ದೂರದಲ್ಲಿ ಬಸ್ಸು ಕಂಡಿದೆ. ಆರಿಸಲು ಮನಸ್ಸಿಲ್ಲ, ಬಸ್ಸು ಬಿಡುವಂತಿಲ್ಲ. ಗಂಟೆ ಹೊತ್ತಿನ ಸಿಗಾರನ್ನು ಮೂರು ನಿಮಿಷದಲ್ಲಿ ಎಳೆದು ಮುಗಿಸಿದ್ದಾರೆ.

ನಾನು ಸಾಹೇಬರನ್ನು ಕೇಳಿದೆ. ಆತುರ ಮಾಡಬಾರದು, ಬೇಗ ಬೇಗ ಎಳೆದರೆ ಕಾದು ಖಾರವಾಗುತ್ತದೆ, ಒಂದೇ ಸಿಗಾರು ಹೊಟ್ಟೆ ತುಂಬಿದಾಗ ಒಂದು ರುಚಿ, ಹಸಿದಾಗ ಒಂದು ರುಚಿ ಎಂದರು. ಅದನ್ನೇ ಮಾವನಿಗೆ ಒಪ್ಪಿಸಿದೆ.

"ನಿಧಾನವಾಗಿ ಸೇದಬೇಕಂತೆ ಮಾವ."

"ಅದನ್ನ ನನಗ್ಯಾಕೆ ಹೇಳ್ತೀರಿ, ಬಸ್ಸಿನ ಡ್ರೈವರಿಗೆ ಹೇಳಿ" ಅಂದರು.

ಮೂರನೆಯದು

ಸಾಹೇಬರು ಇನ್ನೊಂದು ಮಾತೂ ಹೇಳಿದ್ದರು. ಸಿಗಾರು ಒಣಗಿದರೆ ರುಚಿ ಹೋಗುತ್ತದೆ, ಸ್ವಲ್ಪ ತೇವ ಬೇಕು. ಇದನ್ನು ಹೇಳಿದ್ದೇ ನನ್ನ ತಪ್ಪು.

"ನಲವತ್ತು ವರ್ಷದಿಂದ ಹಿಪ್ಪುನೇರಳೆ ಸೊಪ್ಪು ಬಾಡದಂಗೆ ಇಟ್ಟಿವ್ನಿ. ಇದೂ ಒಂದು ಸೊಪ್ಪು ತಾನೇ?" ಎಂದವರೇ, ಸೊಪ್ಪಿಗೆ ಮಾಡುವ ಹಾಗೆಯೇ ಒಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಹುಳುಮನೆಯಿಂದ ದೂರ, ಬಚ್ಚಲ ಹಿಂದೆ ಇಟ್ಟು, ಹೊತ್ತುಹೊತ್ತಿಗೆ ನೀರು ಚಿಮುಕಿಸಿದ್ದಾರೆ. ಮೂರನೇ ದಿನಕ್ಕೆ ಅದು ಬೆಂದ ನುಗ್ಗೆಕಾಯಿಯ ಹಾಗೆ ಊದಿಕೊಂಡಿತ್ತು. ಒಂದು ಬೆಂಕಿಪೊಟ್ಟಣ ಖಾಲಿಯಾದರೂ ಹತ್ತಲೊಲ್ಲದು. ಕೊನೆಗೆ ಒಲೆಯ ಕೆಂಡ ತಂದು ಹಚ್ಚಿದ್ದಾಯಿತು.

"ಥೂ, ಬರೀ ಗೋಣಿ ವಾಸನೆ" ಎಂದು ಉಗಿದರಂತೆ.

ಅತ್ತೆ ಸೊಪ್ಪು ಕತ್ತರಿಸುತ್ತಿದ್ದವರು ತಲೆಯೆತ್ತಲಿಲ್ಲ. "ನಲವತ್ತು ವರ್ಷದಿಂದ ಹುಳಕ್ಕೆ ಇದೇ ಗೋಣಿ ಸೊಪ್ಪು ತಿನ್ನಿಸಿದೀರಿ. ಪಾಪ, ಒಂದು ಹುಳನಾದ್ರೂ ಉಗೀತಾ?"

ನಾಲ್ಕನೆಯದು

ಉಳಿದದ್ದು ಎರಡು. ಮಾವನಿಗೆ ರಾತ್ರಿ ನಿದ್ದೆ ಸರಿಯಾಗಿಲ್ಲವೆಂದು ಅತ್ತೆ ನಗುತ್ತ ಹೇಳಿದರು. ಕೊನೆಗೆ ಮಾವ ತೀರ್ಮಾನಕ್ಕೆ ಬಂದರು: ಮೊದಲನೇ ದಿನ ಏನೇನಿತ್ತೋ ಅದೆಲ್ಲ ಹಾಗೇ ಇದ್ದರೆ ರುಚಿ ಬಂದೇ ಬರಬೇಕು. ಭಾನುವಾರ ನನಗೆ ಬುಲಾವು ಬಂತು. ಅದೇ ಮುದ್ದೆ, ಅದೇ ಬಾಡಿನ ಸಾರು, ಅದೇ ಮರ, ಅದೇ ಚೌಕುಳಿ ಅಂಗಿ. ನಾನು ಕೂಡ ಹಿಂದಿನ ಸಲ ಕೂತಿದ್ದ ಕಲ್ಲಿನ ಮೇಲೆಯೇ ಕೂರಬೇಕಾಯಿತು.

ಹೊಸದಾಗಿ ತಂದು ಸಾಕಿದ ಹುಳು ಗೂಡು ಕಟ್ಟುವ ಮೊದಲಿನ ಕೊನೆಯ ಹಂತದಲ್ಲಿದ್ದವು. ಆಗ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅತ್ತೆ ಊಟಕ್ಕೆ ಬಡಿಸಿ ಹುಳುಮನೆಗೆ ಹೋದವರು ಹೊರಗೆ ಬರಲೇ ಇಲ್ಲ. ಮಾವ ಒಂದು ದಮ್ಮು ಎಳೆಯುವುದು, ಹುಳುಮನೆಯ ಬಾಗಿಲ ಕಡೆ ನೋಡುವುದು. ಅರ್ಧಕ್ಕೇ ನೆಲಕ್ಕೆ ಒತ್ತಿ ಆರಿಸಿಬಿಟ್ಟರು.

"ಎಲ್ಲಾ ಸರಿಯಾಗೈತೆ. ರುಚಿ ಮಾತ್ರ ಇಲ್ಲ. ಸೇದಬೇಕಾದ್ರೆ ಪಕ್ಕದಲ್ಲಿ ಒಬ್ಬರು ಮಾತಾಡೋರು ಬೇಕು ಕಣ್ರೀ."

ನಾನು ಒಂದು ಗಂಟೆಯಿಂದ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದೆ.

ಐದನೆಯದು

ಬೆಳೆ ಚೆನ್ನಾಗಿ ಬಂತು. ರಾಮನಗರದ ಗೂಡಿನ ಮಾರುಕಟ್ಟೆಗೆ ನನ್ನ ಕಾರಿನಲ್ಲೇ ಅವರಿಬ್ಬರನ್ನು ಕರೆದುಕೊಂಡು ಹೋಗಿ ಬಂದೆ. ಹುಳುಮನೆ ತೊಳೆದು ಬರಿದಾಗಿತ್ತು. ಸಂಜೆ ಅತ್ತೆಯೇ ಡಬ್ಬಿ ತಂದು ಮರದ ಕೆಳಗೆ ಕೂತರು. ಮಾವ ಕೊನೆಯದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಇದೂ ಕೆಟ್ಟರೆ ಮುಗಿಯಿತು. ತುದಿಗೆ ಕಡ್ಡಿ ಹಿಡಿದು ಹಚ್ಚಿ, ಇನ್ನೇನು ತುಟಿಗಿಡಬೇಕು.

"ಕೊಡಿ ಇಲ್ಲಿ" ಅಂದರು ಅತ್ತೆ. "ಎರಡು ತಿಂಗಳಿಂದ ಇದರ ಪುರಾಣನೇ ಕೇಳ್ತಾ ಇವ್ನಿ. ಏನೈತೋ ಒಸಿ ನೋಡ್ತೀನಿ."

ಮಾವ ಕೊಟ್ಟರು. ಅತ್ತೆ ಕೆಮ್ಮುತ್ತಾರೆಂದು ನಾನು ನೀರಿಗೆ ಏಳುತ್ತಿದ್ದೆ. ಅವರು ಪಳಗಿದವರ ಹಾಗೆ ಎಳೆದು, ಮೂಗಿನಲ್ಲಿ ನಿಧಾನವಾಗಿ ಹೊಗೆ ಬಿಟ್ಟರು.

ಮಾವನ ಬಾಯಿ ತೆರೆದೇ ಇತ್ತು. "ಇದ್ಯಾವಾಗ ಕಲ್ತೆ?"

"ನಮ್ಮಜ್ಜಿಗೆ ಬೀಡಿ ಹಚ್ಚಿ ಕೊಡ್ತಿದ್ದೋಳು ನಾನೇ. ಮದ್ವೆ ಆದ್ಮೇಲೆ ಬುಟ್ಟೆ. ಹುಳ ಇರೋ ಮನೆ ಅಂತ."

ಎಂದು ಇನ್ನೊಂದು ದಮ್ಮು ಎಳೆದರು. ಸಿಗಾರು ಕೇಳಲು ಮಾವನಿಗೆ ನೆನಪಾಗಲಿಲ್ಲ. ಅಜ್ಜಿಯ ಕಥೆ ಬಂತು, ಮದುವೆಯ ದಿನದ ಕಥೆ ಬಂತು, ಅತ್ತೆ ನಕ್ಕರು, ಮಾವ ಅವರಿಗಿಂತ ಹೆಚ್ಚು ನಕ್ಕರು. ಹೆಂಡತಿಯ ಮುಖವನ್ನು ಮಾವ ಹೊಸದಾಗಿ ನೋಡುತ್ತಿದ್ದರು. ಹೊತ್ತು ಮುಳುಗುವ ಹೊತ್ತಿಗೆ ಅತ್ತೆ ತುಂಡನ್ನು ಮಣ್ಣಿಗೆ ಒತ್ತಿ ಆರಿಸಿ, ಸೆರಗು ಕೊಡವಿಕೊಂಡು ಎದ್ದು ಹೋದರು.

ಮಾವ ನನ್ನ ಕಡೆ ತಿರುಗಿ ಉಸಿರು ಬಿಟ್ಟರು.

"ಸಾಹೇಬ್ರಿಗೆ ಹೇಳ್ಬುಡಿ ಅಳಿಯಂದ್ರೇ. ಐದ್ರಲ್ಲಿ ಇದೇ ಚೆನ್ನಾಗಿತ್ತು."

ಅವರು ಅದನ್ನು ತುಟಿಗೂ ತಾಗಿಸಿರಲಿಲ್ಲ.