ಲಾರಿ ರಾಡಿಯಲ್ಲಿ, ನನ್ನ ಜೀವ ಬಾಯಲ್ಲಿ

ಮಳೆಗಾಲದಲ್ಲಿ ನಮ್ಮ ಖಾಸಬಾಗದ ಮನೆಯ ಫೋನು ಹೊಡೆದುಕೊಂಡರೆ ಯಾರೋ ಕ್ಷೇಮ ಕೇಳುತ್ತಿದ್ದಾರೆ ಎಂದು ನಾನು ತಿಳಿಯುವುದಿಲ್ಲ. ಖಾನಾಪುರದ ಕಡೆ ಇನ್ನೊಂದು ಲಾರಿ ಹುಗಿಯಿತು ಎಂದೇ ತಿಳಿಯುತ್ತೇನೆ. ರಾಡಿಯಲ್ಲಿ, ಹಳ್ಳದಲ್ಲಿ ಸಿಕ್ಕ ಭಾರೀ ಗಾಡಿಗಳನ್ನು ಎಳೆದು ತೆಗೆಯುವುದು ನಮ್ಮವರ, ಅಂದರೆ ನನ್ನ ಗಂಡನ, ಉದ್ಯೋಗ. ಅದಕ್ಕೊಂದು ಹಳೆಯ ಮಿಲಿಟರಿ ಟ್ರಕ್ಕು, ಅದರ ಮೂತಿಗೆ ಉಕ್ಕಿನ ಹಗ್ಗ ಸುತ್ತಿದ ವಿಂಚು. ಎಳೆಯುವುದು ಟ್ರಕ್ಕು ಖರೆ, ಆದರೆ ಹುಗಿದ ಗಾಡಿಗೆ ಹಗ್ಗದ ಕೊಕ್ಕೆ ಹಾಕಲು ಮನುಷ್ಯನೇ ಇಳಿಯಬೇಕು. ಇಳಿಯುವವರು ನಮ್ಮವರು. ಅವರಿಗೆ ಈಸು ಬರುವುದಿಲ್ಲ.

ಹಾಗಾಗಿ ಎಂ.ಎ. ಓದಿದ ನಾನು ಸೆರಗು ಸಿಕ್ಕಿಸಿಕೊಂಡು ದಂಡೆಯ ಮೇಲೆ ನಿಲ್ಲುತ್ತೇನೆ. ಟ್ರಕ್ಕಿನಲ್ಲಿ ಮೈದುನ. ನಾನು ಕೈ ಎತ್ತಿದರೆ ಅವನು ಎಳೆಯಬೇಕು, ಇಳಿಸಿದರೆ ನಿಲ್ಲಿಸಬೇಕು. ಉಳಿದ ಹೊತ್ತೆಲ್ಲ ಅಂಜುವುದೇ ನನ್ನ ಕೆಲಸ.

ಕೌದಿ

ಬಿಗಿದ ಉಕ್ಕಿನ ಹಗ್ಗ ಹರಿದರೆ ಚಾಟಿಯಂತೆ ತಿರುಗಿ ಬರುತ್ತದೆ. ಅಡ್ಡ ಬಂದವರ ಕಾಲು ಉಳಿಯುವುದಿಲ್ಲ. ಅದಕ್ಕೇ ಹಗ್ಗದ ನಡುವೆ, ಹಳೆ ಬಟ್ಟೆ ಸೇರಿಸಿ ಹೊಲಿದ ಒಂದು ತೊಯ್ದ ಕೌದಿ ಹೊದಿಸುತ್ತೇವೆ. ಹರಿದರೂ ಅದರ ಭಾರಕ್ಕೆ ನೆಲಕ್ಕೆ ಬೀಳಲಿ ಎಂದು.

ಅವತ್ತು ಕೆಂಪುಕಲ್ಲಿನ ಲಾರಿಯೊಂದು ಹೊಲದಲ್ಲಿ ಅಚ್ಚಿನತನಕ ಹುಗಿದಿತ್ತು. ನಮ್ಮವರು ಅದರ ಬಾಜೂಕೇ ನಿಂತಿದ್ದರು. ಹಗ್ಗ ಬಿಗಿದು ಕಿರ್‍ರೆನ್ನತೊಡಗಿತು. ನಾನು ಉಸಿರು ಹಿಡಿದು ನೋಡುತ್ತೇನೆ, ಒಬ್ಬ ಅಜ್ಜ ಸಾವಕಾಶ ನಡೆದುಬಂದು, ಕೌದಿಯನ್ನು ಇಷ್ಟು ಅತ್ತ ಸರಿಸಿ, ತನ್ನ ಹಸಿ ಧೋತರವನ್ನು ಹಗ್ಗದ ಮೇಲೆ ಹರವುತ್ತಿದ್ದಾನೆ!

ಕೈ ಇಳಿಸಿ ಚೀರಿದೆ: “ಅಜ್ಜಾ, ಸರೀರಿ! ಜೀವ ಹೋಕ್ಕೈತಿ!”

ಅಜ್ಜ ಮೆಲ್ಲಗೆ ತಿರುಗಿದ. “ಅಲ್ಲವಾ, ನಿನ್ನ ಕೌದಿ ಒಣಗಬೇಕು, ನನ್ನ ಧೋತರ ಒಣಗಬಾರದೇನ?”

ಭಾರ ಹಾಕಿದವ

ಖಡಿ ಕಲ್ಲು ತುಂಬಿದ ಟಿಪ್ಪರ್ ಒಂದು ಇಳಿಜಾರಿನಲ್ಲಿ ಸಿಕ್ಕಿತ್ತು. ನಮ್ಮವರು ಅದರ ಮೂತಿಗೆ ಕೊಕ್ಕೆ ಹಾಕಿ, ಡ್ರೈವರನಿಗೆ ಮೂರು ಸಲ ಹೇಳಿದರು: “ನೀ ಏನೂ ಮಾಡಬ್ಯಾಡ. ಸ್ಟೇರಿಂಗ್ ಸೀದಾ ಹಿಡಿ, ಸಾಕು.”

ಮೈದುನ ಎಳೆದ. ಟಿಪ್ಪರ್ ಒಮ್ಮೆಲೆ ರಾಡಿಯಿಂದ ಜಿಗಿದು, ಸೀದಾ ಬರುವುದು ಬಿಟ್ಟು ನಾವು ನಿಂತ ಕಡೆಗೇ ಹೊರಳಿತು. ಮೇಲೆ ನೋಡಿದರೆ ಡ್ರೈವರ್ ಕಣ್ಣು ಮುಚ್ಚಿ ಎರಡೂ ಕೈ ಮುಗಿದು ಕೂತಿದ್ದಾನೆ. ನಮ್ಮವರು ನನ್ನನ್ನು ಎಳೆದುಕೊಂಡು ಗದ್ದೆಗೆ ಬಿದ್ದರು. ಟಿಪ್ಪರ್ ಬದುವಿಗೆ ಗುದ್ದಿ ನಿಂತಿತು.

“ಸ್ಟೇರಿಂಗ್ ಬಿಟ್ಟು ಕೈ ಮುಗೀತಿಯಲ್ಲೋ!”

“ದೇವರ ಮ್ಯಾಲ ಭಾರ ಹಾಕಿದ್ದೆ, ಅಣ್ಣಾ.”

ನಮ್ಮವರು ಬಾಯೊಳಗಿನ ಮಣ್ಣು ಉಗುಳಿದರು. “ಹಾಕೂದು ಹಾಕಿದಿ, ದೇವರ ಹಂತ್ಯಾಕ ಹೆವಿ ಲೈಸೆನ್ಸ್ ಐತೇನಂತ ಕೇಳಿದ್ಯಾ?”

ಹಲಸಿ ಕಡೆಯ ಹಳ್ಳ

ಹಳ್ಳದ ನಡುವೆ ಲಾರಿ ಕೂತಿತ್ತು. ನಮ್ಮವರು ಸೊಂಟದುದ್ದ ನೀರಿನಲ್ಲಿ ಬಗ್ಗಿ, ಲಾರಿಯ ಹೊಟ್ಟೆಯ ಕೆಳಗೆ ಕೊಕ್ಕೆ ಹಾಕುತ್ತಿದ್ದರು. ದಂಡೆಯ ತುಂಬ ನೋಡಲು ಬಂದ ಊರ ಜನ. ಒಬ್ಬ ಅಜ್ಜಿ ಮೇಲುಗಡೆ ಕೈ ತೋರಿಸಿ, “ಯವ್ವಾ, ಕೆಂಪ ನೀರ ಬರಾಕತ್ತೇತಿ!” ಎಂದಳು. ಮೇಲೆ ಕಾಡಿನಲ್ಲಿ ಮಳೆ ಬಿದ್ದಿತ್ತು.

“ರೀ! ಏನ್ರೀ! ಮ್ಯಾಲ ಬರ್ರೀ!” ಎಂದು ಚೀರಿದೆ. ದಂಡೆಯ ಮೇಲಿನ ಗಂಡಸರೆಲ್ಲ ತಿರುಗಿದರು. ಇಬ್ಬರು “ಏನ್ರೀ ಅಕ್ಕಾರ?” ಎಂದು ಹತ್ತಿರವೇ ಬಂದರು. ಬರಬೇಕಾದವರು ಬರಲಿಲ್ಲ. ಮದುವೆಯಾದಾಗಿನಿಂದ ಕೇಳಿ ಕೇಳಿ ನನ್ನ “ರೀ” ಅವರ ಕಿವಿಗೆ ಫ್ಯಾನಿನ ಸಪ್ಪಳವಾಗಿಬಿಟ್ಟಿದೆ. ಜನ ಕೂಗಿದರೂ ಕೇಳಲಿಲ್ಲ. ನೋಡಲು ಬಂದವರು ಬುದ್ಧಿ ಹೇಳುವುದು ಇದ್ದದ್ದೇ ಎಂದು ಬಗ್ಗಿಯೇ ಇದ್ದರು.

ನೀರು ಅವರ ಎದೆಗೆ ಬಂತು. ಎಂದೂ ಬಾಯಲ್ಲಿ ತರದ ಅವರ ಹೆಸರನ್ನು, ಹಿಂದೆ ಮುಂದೆ ಏನೂ ಹಚ್ಚದೆ, ಇದ್ದಷ್ಟೂ ಉಸಿರು ಹಾಕಿ ಕೂಗಿದೆ.

ಲಾರಿಗೆ ಠಣ್ಣೆಂದು ತಲೆ ಬಡಿದ ಸಪ್ಪಳ. ನಮ್ಮವರು ಬಿಳಿಚಿದ ಮುಖ ಮಾಡಿಕೊಂಡು, ನೀರು ಸೀಳುತ್ತ ಬಂದು ದಂಡೆ ಹತ್ತಿದರು. ಹಿಂದೆಯೇ ಕೆಂಪು ನೀರು ಲಾರಿಯ ಕಿಟಕಿಯತನಕ ಏರಿತು.

ಅಜ್ಜಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. “ಓದಿದಾಕಿ ಕಾಣ್ತಿ. ಗಂಡನ ಹೆಸರು ಹಂಗ ಬರೇ ಹೇಳ್ತಾರೇನ? ಆಯುಷ್ಯ ಕಡಿಮಿ ಆಕ್ಕೈತಿ! ಒಡಪು ಹಾಕಿ ಹೇಳು!”

ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳುವುದೇ ಒಡಪು. ಹೆಂಗಸರೆಲ್ಲ ಸುತ್ತುಗಟ್ಟಿದರು. ಹೇಳದೆ ಬಿಡುವ ಲಕ್ಷಣವಿರಲಿಲ್ಲ. ಹೇಳಿದೆ:

“ಹಳ್ಳಕ್ಕ ಬಂದೈತಿ ಕೆಂಪನ ನೀರ,
ಲಾರಿ ಹೋದ್ರ ಹೋಗಲಿ, ದಂಡಿ ಹತ್ಯಾರ...”

ಮತ್ತು ಹೆಸರು. ಹೆಂಗಸರು ಚಪ್ಪಾಳೆ ಹೊಡೆದರು. ಅಜ್ಜಿ, “ಈಗ ಬರೋಬರ್ ಆತು” ಎಂದು ಹೋದಳು.

ನಮ್ಮವರು ಕಲ್ಲಿನ ಮೇಲೆ ಕೂತು ಇನ್ನೂ ನಡುಗುತ್ತಿದ್ದರು. “ನೀರಿಗೆ ಇಷ್ಟ ಅಂಜಿದ್ರೇನ್ರೀ?” ಎಂದೆ.

“ನೀರ ಎಲ್ಲಿ ನೋಡೀನಿ ನಾ?” ಎಂದರು. “ನೀ ಹೆಸರು ಹಿಡದು ಅಳೂದು ಕೇಳಿ, ನಾನ ಸತ್ತೀನಿ ಅಂತ ತಿಳಕೊಂಡೆ.”