ಬಬಲೇಶ್ವರದ ದಾರಿ ಮರೆತ ವರ್ಷನ್ 8.4 ಅವರಿಗೆ

ಮಾನ್ಯ ವರ್ಷನ್ ಎಂಟು ಪಾಯಿಂಟ್ ನಾಲ್ಕು ಅವರೇ,

ನಾನಾ ದೇಶಗಳ ಬುದ್ಧಿವಂತರು ಪುಕ್ಕಟೆಯಾಗಿ ಬರೆದ, ಬುದ್ಧಿ ಕಡಿಮೆಯಿದ್ದ ನಾನು ಪುಕ್ಕಟೆಯಾಗಿ ಇಳಿಸಿಕೊಂಡ, ಇಂಟರ್ನೆಟ್ಟಿಗೆ ದಾರಿ ತೋರಿಸುವ ಓಪನ್ ಸೋರ್ಸ್ ಸಾಫ್ಟ್‌ವೇರಿನ ಇತ್ತೀಚಿನ ಅವತಾರವಾದ ತಮಗೆ ವಿಜಯಪುರದಿಂದ ಅಜರುದ್ದೀನ ಬಾಗಿ ಬಾಗಿ ಮಾಡುವ ಸಲಾಮುಗಳು. ತಾವು ಕ್ಷೇಮವೆಂದು ತಮ್ಮ ಲಾಗ್ ಫೈಲಿನಿಂದಲೇ ತಿಳಿದು ಸಂತೋಷವಾಯಿತು. ಬಬಲೇಶ್ವರದ ನೆಟ್ ಪೂರ್ತಿ ಮುಳುಗಿದ ದಿನವೂ ಅದರಲ್ಲಿ ‘ಎಲ್ಲ ಸರಿಯಾಗಿದೆ’ ಎಂದೇ ಬರೆದುಕೊಂಡಿದ್ದಿರಿ. ನಮ್ಮ ಕಡೆ ಅಷ್ಟು ಕ್ಷೇಮವಿಲ್ಲದ ಕಾರಣ ಈ ಪತ್ರ. ಟಿಕೋಟಾ ಬಸ್ಸಿನಲ್ಲಿ ಕೂತು ಫೋನಿಗೆ ಹೇಳಿ ಹೇಳಿ ಬರೆಸುತ್ತಿದ್ದೇನೆ. ರಸ್ತೆಯ ತಗ್ಗು ಬಂದಲ್ಲಿ ವಾಕ್ಯವೂ ಕುಣಿದಿದ್ದರೆ ಮನ್ನಿಸಬೇಕು.

ನಾನು ಬೀದರದ ಔರಾದ ಕಡೆಯವನು. ಹೈದರಾಬಾದಿನಲ್ಲಿ ಎಂಟು ತಿಂಗಳು, ಸೋಲಾಪುರದಲ್ಲಿ ಒಂದು ವರ್ಷ, ಎಲ್ಲಿಯೂ ಕಾಲು ನಿಲ್ಲದೆ, ಮೂರು ವರ್ಷದ ಹಿಂದೆ ಇಲ್ಲಿಗೆ ಬಂದು ಶಿವಯೋಗೆಪ್ಪ ಸಾಹುಕಾರರ ಸಣ್ಣ ಇಂಟರ್ನೆಟ್ ಕಂಪನಿ ಸೇರಿದೆ. ನಾನು ತಿರುವಿನಲ್ಲಿ ಕಂಡೊಡನೆ ಚಹಾದಂಗಡಿಯವನು ಕೇಳದೆಯೇ ಸಕ್ಕರೆ ಕಡಿಮೆ ಹಾಕುವ ಮೊದಲ ಊರು ಇದು. ಆ ಊರನ್ನು ತಾವು ನನ್ನಿಂದ ಬಿಡಿಸಲಿದ್ದಿರಿ ಎಂಬುದೇ ನನ್ನ ದೂರು.

ತಮಗೆ ನಮ್ಮ ಭೂಗೋಳ ಗೊತ್ತಿಲ್ಲವೆಂಬುದು ಈಗ ಖಚಿತವಾಗಿರುವುದರಿಂದ ವಿವರಿಸುತ್ತೇನೆ. ವಿಜಯಪುರದಿಂದ ಬಬಲೇಶ್ವರಕ್ಕೆ ನಮ್ಮ ನೆಟ್ ಹೋಗುವುದು ಸಾರವಾಡದ ಗುರುಸಿದ್ದವ್ವ ಎಂಬ ಹಿರಿಯರ ಮಾಳಿಗೆಯ ಮೇಲಿನ ಯಂತ್ರದ ಮೂಲಕ. ಅದು ಆರಿದರೆ ಟಿಕೋಟಾದ ಮೇಲೆ ಸುತ್ತು ಹಾಕಿ ಹೋಗಬೇಕು. ಅದು ಮತ್ತೆ ಹೊತ್ತಿದೊಡನೆ ಎಲ್ಲರೂ ನೇರ ದಾರಿಗೆ ಮರಳಬೇಕು. ತಮ್ಮ ಹಿರಿಯರಾದ 8.3 ಅವರು ಮೂರು ವರ್ಷ ಈ ಕೆಲಸವನ್ನು ತುಟಿಪಿಟಕ್ಕೆನ್ನದೆ ಮಾಡಿದರು. ಅವರಲ್ಲಿ ಕಳ್ಳರು ನುಗ್ಗುವ ಕಿಂಡಿಯೊಂದಿದೆಯೆಂದು ಅವರ ಮನೆಯವರೇ ಸಾರಿದ್ದರಿಂದ ನಾನು ತಮ್ಮನ್ನು ಕರೆತಂದೆ. ಬಂದ ಮೊದಲ ಸಂಜೆಯೇ ವಿಜಯಪುರದಲ್ಲಿ ಕೂತ ತಾವು ‘ಬಬಲೇಶ್ವರವೇ? ಟಿಕೋಟಾಕ್ಕೆ ಹೋಗು’ ಎಂದಿರಿ. ನೇರ ದಾರಿಯನ್ನೇ ನಂಬಿದ್ದ ಟಿಕೋಟಾದ ರೂಟರ್ ‘ಬಬಲೇಶ್ವರವೇ? ವಿಜಯಪುರಕ್ಕೆ ಹೋಗು’ ಎಂದಿತು. ನಮ್ಮ ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದರೆ ಏಳು ಸಲ ಕೇಳಿಸುತ್ತದೆ. ತಾವು ಒಂದೊಂದು ಸಂದೇಶವನ್ನೂ ಅದರ ಆಯುಷ್ಯ ಮುಗಿಯುವವರೆಗೆ, ಅರವತ್ನಾಲ್ಕು ಸಲ, ಓಡಾಡಿಸಿ ಒಮ್ಮೆಯೂ ಕೇಳಿಸದಂತೆ ಮಾಡುತ್ತೀರಿ. ಆದಿಲಶಾಹಿ ಕುಶಲಕರ್ಮಿಗಳಿಗೂ ಸಿದ್ಧಿಸದ ಕಲೆ ಇದು.

ಬಬಲೇಶ್ವರದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿರುವ ಸುರೈಯಾ ಅವರ ಫೋನು ಬಂತು. “ಅಜರ ಭಾಯ್, ನಿಮ್ಮ ನೆಟ್ ಎಲ್ಲಿ ಹೋತ್ರಿ? ಫಾರ್ಮಿನ್ಯಾಗ ಮಗಳ ಹೆಸರು ಹೋಗ್ಯಾದ, ಅಪ್ಪನ ಹೆಸರು ಹೋಗಿಲ್ಲ. ಅವರಪ್ಪ ಇಲ್ಲೇ ಬೆಂಚಿನ ಮ್ಯಾಲ ಕುಂತು, ‘ನಾ ಏನ ತಪ್ಪ ಮಾಡೇನಿ’ ಅಂತ ಕೇಳಾಕತ್ತಾನ.” ನಾನು ರೂಟರ್ ಆರಿಸಿ ಹಚ್ಚಿದೆ, ಸರಿಹೋಯಿತು. ಮರುದಿನ ಸಂಜೆ ಮತ್ತೆ ಅದೇ ಪ್ರದಕ್ಷಿಣೆ. ಮೂರನೆಯ ಸಂಜೆ ಸಾಹುಕಾರರು ನನ್ನನ್ನು ಎದುರಿಗೆ ಕೂಡಿಸಿಕೊಂಡರು. “ಪುಕ್ಕಟ ಸಿಕ್ಕತಂತ ತಂದು ಪುಕ್ಕಟ ಬೈಸಿಕೊಳ್ಳಾಕತ್ತೇವಲ್ಲೋ! ಹದಿನೈದ ದಿನ ಕೊಟ್ಟೇನಿ. ತಪ್ಪ ಹಿಡದಿ, ಇಲ್ಲೇ ಇರು. ಹಿಡೀಲಿಲ್ಲ, ಬೀದರ ಬಸ್ಸಿಗೆ ನಾನ ಹತ್ತಿಸಿ ಕಿಡಕಿ ಸೀಟ ಹಿಡದ ಕೊಡ್ತೇನಿ.” ಅವರು ಮಾತಿಗೆ ತಪ್ಪುವವರಲ್ಲ, ಕಿಟಕಿ ಸೀಟು ಖಂಡಿತ ಸಿಗುತ್ತಿತ್ತು.

ಹಿರಿಯರಿಗೂ ತಮಗೂ ನಡುವೆ ಆರುನೂರ ನಲವತ್ತು ತಿದ್ದುಪಡಿಗಳು. ನಡುವಿನದೊಂದನ್ನು ಹಾಕಿ ನೋಡಬೇಕು. ದಾರಿ ಸರಿಯಿದ್ದರೆ ತಪ್ಪು ಮುಂದಿನ ಅರ್ಧದಲ್ಲಿ, ಕೆಟ್ಟರೆ ಹಿಂದಿನ ಅರ್ಧದಲ್ಲಿ. ಆಮೇಲೆ ಆ ಅರ್ಧದ ಅರ್ಧ. ಹೀಗೆ ಹತ್ತು ಸಲ ಮಾಡಿದರೆ ಕಳ್ಳ ಸಿಗುತ್ತಾನೆ. ಆದರೆ ತಾವು ಬೆಳಗಿನಿಂದ ಸಾಧುಗಳಂತಿದ್ದು ಸಂಜೆ ಏಳರ ಸುಮಾರಿಗೆ ಮಾತ್ರ ಕೈಚಳಕ ತೋರಿಸುವ ಶಿಸ್ತಿನವರಾದ್ದರಿಂದ, ದಿನಕ್ಕೊಂದೇ ಪರೀಕ್ಷೆ. ಹತ್ತು ಸಂಜೆ ಬಬಲೇಶ್ವರವನ್ನು ಬಲಿಗೊಟ್ಟು, ಹತ್ತನೆಯ ದಿನ ಬೆರಳು ಒಬ್ಬ ಮಹನೀಯರ ತಿದ್ದುಪಡಿಯ ಮೇಲೆ ನಿಂತಿತು. ಆವೇಶದಲ್ಲಿ ತಮ್ಮ ಬಳಗದ ಬಹಿರಂಗ ವೇದಿಕೆಯಲ್ಲಿ, ಇಡೀ ಜಗತ್ತು ಓದುವಂತೆ, ‘ನಮ್ಮ ತಾಲೂಕನ್ನು ಕತ್ತಲೆಗೆ ತಳ್ಳಿದ್ದು ತಾವೇ’ ಎಂದು ಅವರಿಗೆ ಬರೆದೆ. ಆಮೇಲೆ ತಿದ್ದುಪಡಿಯನ್ನು ಓದಿದೆ. ಈ ಎರಡು ಕೆಲಸಗಳ ಅನುಕ್ರಮವನ್ನು ತಾವು ಗಮನಿಸಬೇಕು. ಅವರು ಬಳಕೆದಾರರ ಕೈಪಿಡಿಯಲ್ಲಿ ಒಂದು ಸ್ಪೆಲ್ಲಿಂಗ್ ತಿದ್ದಿದ್ದರು, ಅಷ್ಟೆ. ಅವರ ಉತ್ತರ ಇನ್ನೂ ವೇದಿಕೆಯಲ್ಲಿದೆ: ‘ನಾನು ಒಂದು ಅಕ್ಷರ ಬದಲಿಸಿದ್ದೇನೆ. ನಿಮ್ಮ ತಾಲೂಕು ಅದರ ಮೇಲೆ ನಿಂತಿದ್ದರೆ ದಯವಿಟ್ಟು ತಿಳಿಸಿ, ಹಳೆಯ ತಪ್ಪನ್ನೇ ಮರಳಿ ಹಾಕುತ್ತೇನೆ.’

ಸಾಹುಕಾರರು ಓದಿಸಿ ಕೇಳಿದರು. “ಒಂದ ಅಕ್ಷರ ತಿದ್ದಿದ್ರ ಬಬಲೇಶ್ವರ ಬಂದ್ ಆಗ್ತದ? ಹಂಗಾದ್ರ ನನ್ನ ಮೊಮ್ಮಗನ ವಹಿ ತಿದ್ದೂ ಮಾಸ್ತರ ಇಷ್ಟೊತ್ತಿಗೆ ಕರ್ನಾಟಕಾನ ಬಂದ್ ಮಾಡ್ತಿದ್ದ.” ಉಳಿದದ್ದು ಐದು ದಿನ.

ಒಂದೊಂದೇ ಯಂತ್ರದ ಮುಂದೆ ಕೂತು ಕಾಯೋಣವೆಂದು ಸಾರವಾಡಕ್ಕೆ ಹೋದೆ. ಗುರುಸಿದ್ದವ್ವನವರು ಚುರಮುರಿ ಕೊಟ್ಟು ಕೂಡಿಸಿದರು. ಮಾಳಿಗೆಯ ಯಂತ್ರಕ್ಕೆ ಕರೆಂಟು ಕೊಡುವ ಡಬ್ಬಿಯನ್ನು ಮೂರು ವರ್ಷದ ಹಿಂದೆ ಅವರ ಪಡಸಾಲೆಯ ದೇವರ ಜಗಲಿಯ ಪಕ್ಕಕ್ಕೆ ಕೂಡಿಸಿದವನು ನಾನೇ. ಪ್ಲಗ್ಗು ಅಲ್ಲಿತ್ತು, ನನಗೆ ಅವಸರವಿತ್ತು. ಏಳಾಯಿತು. ಅವರು ಎದ್ದು, ಕೈಕಾಲು ತೊಳೆದು, ಬಂದು ಡಬ್ಬಿಯ ಸ್ವಿಚ್ಚು ಆರಿಸಿದರು, ದೀಪ ಹಚ್ಚಿದರು, ಕೈಮುಗಿದರು, ಸ್ವಿಚ್ಚು ಹಾಕಿದರು. ಒಂದೂವರೆ ನಿಮಿಷದಲ್ಲಿ ಸಾರವಾಡ ಸತ್ತು ಹುಟ್ಟಿತು, ನನ್ನ ಲ್ಯಾಪ್‌ಟಾಪಿನಲ್ಲಿ ಬಬಲೇಶ್ವರ ಹೋಯಿತು.

“ಆಯೀ, ಇದನ್ನ ಆರಸಬ್ಯಾಡ್ರಿ ಅಂತ ಹೇಳಿದ್ನಲ್ರೀ!”

“ರಾತ್ರಿ ಆರಸಬ್ಯಾಡ ಅಂದಿದ್ದಿ, ಯಪ್ಪಾ. ರಾತ್ರಿ ಒಂದಿನಾನೂ ಆರಿಸಿಲ್ಲ. ಸಂಜಿಮುಂದ ದೇವರ ಮುಂದ ಮೊದಲನೇ ಬೆಳಕ ದೀಪದ್ದ ಇರಬೇಕು. ನಿನ್ನ ಈ ಹಸರ ಕಣ್ಣ ಮಿಣಮಿಣ ಅಂತದ. ಅದಕ್ಕ ಒಂದ ಗಳಿಗಿ ಮಲಗಸ್ತೇನಿ.”

“ದಿನಾ?”

“ದಿನಾ. ಹ್ವಾದ ಶನಿವಾರ ಒಂದ ಬಿಟ್ಟು. ಜೈನಾಪುರಕ್ಕ ಮಗಳ ಮನಿಗೆ ಹೋಗಿದ್ನಿ, ಮನಿ ಕೀಲಿ ಹಾಕಿತ್ತು.”

ಶನಿವಾರವೆಂದರೆ ನನ್ನ ಆರನೆಯ ಪರೀಕ್ಷೆ. ಆ ಸಂಜೆ ಏನೂ ಕೆಡಲಿಲ್ಲವೆಂದು ಆ ತಿದ್ದುಪಡಿಗೆ ನಾನು ‘ನಿರ್ದೋಷಿ’ ಎಂದು ಮುದ್ರೆ ಒತ್ತಿದ್ದೆ. ಅಲ್ಲಿಂದ ಮುಂದಿನ ನನ್ನ ತನಿಖೆಯೆಲ್ಲ, ಬೀಗ ಹಾಕಿದ ಮನೆಯ ಸಾಕ್ಷಿಯನ್ನು ನಂಬಿ ನಡೆದದ್ದು.

ಇನ್ನು ಸಂಜೆಗಾಗಿ ಕಾಯಬೇಕಿರಲಿಲ್ಲ. ಮರುದಿನ ಆರನೆಯದರಿಂದ ಹತ್ತನೆಯದರವರೆಗೆ ಐದೂ ಪರೀಕ್ಷೆಗಳನ್ನು ಒಂದೇ ಕೂತಲ್ಲಿ ಮಾಡಿದೆವು. ಸಂಜೆ ಮಾಡಿದಂತೆಯೇ ಪ್ರತಿ ಸಲ ಮಾಡಿರೆಂದು ಬೇಡಿದ್ದಕ್ಕೆ ಆಯಿ ಒಪ್ಪಲಿಲ್ಲ. “ಸ್ವಿಚ್ ಬೇಕಾದಷ್ಟ ಸಲ ಒತ್ತತೇನಿ. ದೀಪ ಐದ ಸಲ ಹಚ್ಚಿದ್ರ, ಐದ ದಿನ ಮುಗದ್ವು ಅಂತ ದೇವರು ತಿಳ್ಕೋತಾನ.” ಅತ್ತ ಫೋನಿನಲ್ಲಿ ಸುರೈಯಾ, “ಹೋತ್ರಿ… ಹೋಗಿಲ್ರಿ… ಹೋತ್ರಿ… ಭಾಯ್, ಗಿರಾಕಿ ನನಗ ಏನೋ ಹಿಡದೈತಿ ಅಂತ ನೋಡಾಕತ್ತಾರ” ಎನ್ನುತ್ತಿದ್ದರು.

ಕೊನೆಯ ಪರೀಕ್ಷೆಯಲ್ಲಿ ಸಿಕ್ಕಿತು. ಯಾರೋ ಪುಣ್ಯಾತ್ಮರು ತಮ್ಮೊಳಗಿನಿಂದ ಒಂದೇ ಒಂದು ಸಾಲು ತೆಗೆದುಹಾಕಿದ್ದರು. ಆ ಸಾಲು ಹೇಳುತ್ತಿದ್ದುದಿಷ್ಟು: ನೆರೆಯವನು ಬೇಗ ಮರಳಿ ಬಂದರೆ, ಅವನಿಲ್ಲದಾಗ ಮಾಡಿಕೊಂಡ ಏರ್ಪಾಡನ್ನು ಬಿಟ್ಟುಬಿಡು. ಅದು ಹೋದದ್ದರಿಂದಲೇ, ಸಾರವಾಡ ಮರಳಿ ಬಂದ ಮೇಲೂ ತಾವು ಮಾತ್ರ ಟಿಕೋಟಾದ ಸುತ್ತುದಾರಿಯನ್ನು ಬಿಡಲಿಲ್ಲ. ತೆಗೆದವರ ಟಿಪ್ಪಣಿ: ‘ಸಣ್ಣ ಸ್ವಚ್ಛತೆ. ಯಾವ ವ್ಯತ್ಯಾಸವೂ ಆಗುವುದಿಲ್ಲ.’ ಇಷ್ಟು ನಿಶ್ಚಿಂತವಾದ ವಾಕ್ಯವನ್ನು ನಾನು ಚುನಾವಣೆಯಲ್ಲೂ ಕೇಳಿಲ್ಲ. ಅದನ್ನು ಕಟ್ಟು ಹಾಕಿಸಿ ತಮ್ಮ ಬಳಗದ ಬಾಗಿಲಿಗೆ ತೂಗುಹಾಕಬೇಕೆಂದೂ, ಸ್ಪೆಲ್ಲಿಂಗ್ ತಿದ್ದಿದ ಮಹನೀಯರಿಗೆ ಶಾಲು ಹೊದಿಸಿ ಸನ್ಮಾನಿಸಬೇಕೆಂದೂ (ಕ್ಷಮಾಪಣೆಯನ್ನು ನಾನು ಅದೇ ವೇದಿಕೆಯಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ), ತಾವು ಖುದ್ದಾಗಿ ಸುರೈಯಾರ ಬೆಂಚಿನ ಮೇಲೆ ಕೂತು ಆ ಅಪ್ಪನಿಗೆ ಅವನ ತಪ್ಪೇನೆಂದು ವಿವರಿಸಬೇಕೆಂದೂ ವಿನಂತಿ.

ಹದಿನೈದನೆಯ ಸಂಜೆ ಸಾಹುಕಾರರು ಸ್ವತಃ ಬಂದು ಪರದೆಯ ಮುಂದೆ ಕೂತರು. ಕಳೆದುಹೋದ ಸಾಲನ್ನು ನಾನು ಮರಳಿ ಸೇರಿಸಿದ್ದೆ. ಏಳಕ್ಕೆ ಸಾರವಾಡ ಕಣ್ಣು ಮುಚ್ಚಿ ತೆರೆಯಿತು, ಬಬಲೇಶ್ವರ ಕದಲಲಿಲ್ಲ. ಸಾಹುಕಾರರು ಎದ್ದರು. “ಇರು. ಆದ್ರ ಇನ್ನ ಮ್ಯಾಲ ಹೊಸಾದ ಹಾಕೂ ಮುಂದ ನನ್ನ ಕೇಳಬ್ಯಾಡ. ಸಾರವಾಡದ ಆಯಿನ್ನ ಕೇಳು.”

ಕೆಳಗಿಳಿದು ಹೋದೆ. ಚಹಾದಂಗಡಿಯವನು ಕೇಳದೆಯೇ ಸಕ್ಕರೆ ಕಡಿಮೆ ಹಾಕಿದ.

ಇಂತಿ, ದಿನವೂ ದೀಪ ಹೊತ್ತಿ ಎರಡು ನಿಮಿಷವಾದ ಮೇಲೆ ಮಾತ್ರ ತಮ್ಮ ವಿಶ್ವಾಸಿಯಾಗಿರುವ,
ಅಜರುದ್ದೀನ
ವಿಜಯಪುರ

ತಾ.ಕ.: ತಮ್ಮ ಬಳಗದವರು ನನ್ನ ತಿದ್ದುಪಡಿಯನ್ನು ಒಪ್ಪಿ, ಈ ತಪ್ಪು ಮರುಕಳಿಸದಂತೆ ನೆರೆಯ ಯಂತ್ರವನ್ನು ಒಂದೂವರೆ ನಿಮಿಷ ಆರಿಸಿ ಹಚ್ಚುವ ಪರೀಕ್ಷೆಯೊಂದನ್ನೂ ಸೇರಿಸಿಕೊಂಡು, ಅದಕ್ಕೊಂದು ಹೆಸರು ಕೇಳಿದರು. ‘ಗುರುಸಿದ್ದವ್ವ’ ಎಂದು ಕೊಟ್ಟಿದ್ದೇನೆ. ಇನ್ನು ಅದನ್ನು ಪಾಸಾಗದೆ ತಮ್ಮ ಮನೆಯ ಯಾವ ವರ್ಷನ್ನೂ ಹೊರಜಗತ್ತಿಗೆ ಕಾಲಿಡುವಂತಿಲ್ಲ. ಆದ್ದರಿಂದ ತಮ್ಮ ತಮ್ಮನವರಾದ 8.5 ಅವರಿಗೆ ಈಗಲೇ ಹೇಳಿಡಿ: ಬರುವಾಗ ಕೈಕಾಲು ತೊಳೆದುಕೊಂಡು ಬರಲಿ.