ದಾರಿ ಇಲ್ಲದ ಕಾಡಿಗೆ ನನ್ನ ಜೀಪು

ಬಾಡಿಗೆ ಜೀಪು ಇಟ್ಟುಕೊಂಡವನಿಗೆ ಇಂಥ ಪ್ರಸಂಗಗಳು ಕೈ ಅಡ್ಡ ಹಿಡಿಯದೆ ತಾವಾಗಿಯೇ ಹತ್ತಿಕೊಳ್ಳುತ್ತವೆ. ಹೊಸನಗರ, ಸಾಗರ, ಹೊಳೆಬಾಗಿಲು ಎಂದು ಓಡಾಡಿಕೊಂಡಿದ್ದ ನನಗೆ ಹೋದ ವರ್ಷ ಸಿನಿಮಾದವರು ಸಿಕ್ಕರು. ಪ್ರವಾಸಕ್ಕೆ ಬಂದ ನಾಲ್ವರು ಕಾಡಿನಲ್ಲಿ ಸಿಕ್ಕಿಹಾಕಿಕೊಂಡು, ಹಸಿವಿಗೂ ದೆವ್ವಕ್ಕೂ ಒಟ್ಟಿಗೇ ಸಿಕ್ಕಿ ಒದ್ದಾಡುವ ಕಥೆ. ಆಗುಂಬೆಯ ಮಳೆ ಕ್ಯಾಮೆರಾ ಹೊರಗೆ ತೆಗೆಯಲೂ ಬಿಡಲಿಲ್ಲವೆಂದು ನಮ್ಮ ಕಡೆ ಬಂದಿದ್ದರು.

ನನ್ನ ಕೆಲಸ ಸಾಮಾನು ಸಾಗಿಸುವುದು. ಆದರೆ ನಿರ್ದೇಶಕರು ಒಂದು ದಿನ ನನ್ನ ಗಡ್ಡ ನೋಡಿ, "ನಿಮಗೊಂದು ಡೈಲಾಗ್ ಇದೆ" ಅಂದುಬಿಟ್ಟರು. ಅವತ್ತಿನಿಂದ ನಾನು ನೆಲದಿಂದ ಒಂದು ಗೇಣು ಮೇಲೆಯೇ ಓಡಾಡುತ್ತಿದ್ದೆ. ಮದುವೆಯಾದಾಗಿನಿಂದ ನನ್ನ ಹೆಂಡತಿ ನನ್ನ ಯಾವ ಕೆಲಸವನ್ನೂ ಹೊಗಳಿದವಳಲ್ಲ. ಸಾಗರದ ಥಿಯೇಟರಿನ ಪರದೆ ಮೇಲೆ ನಾನು ಬರಬೇಕು, ಪಕ್ಕದಲ್ಲಿ ಕೂತ ಅವಳು "ಪರವಾಗಿಲ್ಲ" ಅನ್ನಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಬಾಡಿಗೆ ಮಂಜು

ಮೊದಲ ದಿನ ಬೆಳಗ್ಗೆ ಕಾಡಿಗೆ ಕಾಡೇ ಮಂಜಿನಲ್ಲಿ ಮುಳುಗಿತ್ತು. ಮರಗಳು ಒಂದೊಂದಾಗಿ ಕರಗಿ, ಆಮೇಲೆ ಯಾವಾಗಲೋ ನೆನಪಾದಂತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಎಷ್ಟೋ ಸಲ ಕಂಡ ಜಾಗವೇ, ಆದರೂ ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ. ಸಿನಿಮಾದವರು ಮಾತ್ರ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲವಂತೆ. ಬಿಸಿಲೇರಿ ಮಂಜು ಪೂರ್ತಿ ಹೋದ ಮೇಲೆ ಎದ್ದು, ಮಿಷನ್ ತಂದು ಬುಸುಬುಸು ಹೊಗೆ ಬಿಟ್ಟರು.

"ಇದೆಂತ ಮಾರಾಯ್ರೇ, ಬೆಳಗ್ಗೆ ಪುಕ್ಕಟೆ ಇತ್ತಲ್ಲ?" ಅಂದೆ.

ಹೊಗೆ ಬಿಡುವವನು ಹೇಳಿದ, "ಅದು ಹೇಳಿದ ಮಾತು ಕೇಳಲ್ಲ ಸಾರ್."

ನಾಲ್ಕು ದಿನದ ಉಪವಾಸ

ಕಥೆಯಲ್ಲಿ ನಾಲ್ಕು ದಿನದಿಂದ ಊಟವಿಲ್ಲದ ನಾಯಕಿ ಅಳುತ್ತ ಸೊಪ್ಪು ಹರಿದು ತಿನ್ನಬೇಕು. ದೊಡ್ಡದಾಗಿ ಕಾಣಲಿ ಎಂದು ಯಾರೋ ಕೆಸುವಿನ ಎಲೆ ತಂದಿದ್ದರು. ಹುಡುಗಿ ಅದನ್ನು ಬಾಯಿಗಿಡಬೇಕು ಅನ್ನುವಾಗ, ಗುಡ್ಡದ ಕೆಳಗಿನ ಮನೆಯ ಅಕ್ಕ ನೇರವಾಗಿ ಕ್ಯಾಮೆರಾದ ಮುಂದೆಯೇ ನಡೆದು ಬಂದರು.

"ಹಸಿ ಕೆಸು ತಿನ್ನಬ್ಯಾಡ ತಂಗಿ, ಗಂಟಲು ತುರಿಸ್ತದೆ. ನಂಗೆ ಕೊಡು, ಪತ್ರೊಡೆ ಮಾಡಿ ತರ್ತೀನಿ."

ಇದು ಸಿನಿಮಾ ಎಂದು ನಿರ್ದೇಶಕರು ಬಿಡಿಸಿ ಹೇಳಿದರು. "ಸಿನಿಮಾ ಆದ್ರೇನು, ಹಸಿವು ಹಸಿವೇ ಅಲ್ವಾ?" ಎಂದು ಅಕ್ಕ ಎಲೆ ಮಡಚಿಕೊಂಡು ಹೋದರು. ಅಂದಿನಿಂದ ದಿನಾ ಪತ್ರೊಡೆ, ಕಡುಬು, ಹಲಸಿನ ಹಪ್ಪಳ. ಹಸಿವಿನಿಂದ ನಾಯಕ ಸಾಯುವ ದೃಶ್ಯ ಬರುವಷ್ಟರಲ್ಲಿ ಅವನ ಅಂಗಿಯ ಗುಂಡಿಗಳು ಕೂರುತ್ತಿರಲಿಲ್ಲ.

ಮುಂದಿನ ಸೀಟಿನ ದೆವ್ವ

ದೆವ್ವದ ಪಾತ್ರದ ಹುಡುಗನಿಗೆ ಮಧ್ಯಾಹ್ನ ಚಾ ಬೇಕೇ ಬೇಕು. ಮೇಕಪ್ ಹಚ್ಚಲು ಅರ್ಧ ದಿನ ಹಿಡಿಯುವುದರಿಂದ ತೆಗೆಯುವಂತಿಲ್ಲ. ಹಾಗೇ ಕೂರಿಸಿಕೊಂಡು ರಿಪ್ಪನ್‌ಪೇಟೆಗೆ ಹೊರಟೆ. ಒಂದು ಕಣ್ಣು ಕೆನ್ನೆಯ ಮೇಲೆ ಜೋತಾಡುತ್ತಿತ್ತು, ಹಣೆ ಎರಡು ಹೋಳು. ದಾರಿಯಲ್ಲಿ ಒಬ್ಬ ಅಜ್ಜ ಕೈ ತೋರಿಸಿ ಹಿಂದೆ ಹತ್ತಿದರು. ಮುಂದೆ ಬಗ್ಗಿ ಇವನನ್ನು ಚೆನ್ನಾಗಿ ನೋಡಿದರು.

"ಆಕ್ಸಿಡೆಂಟಾ ತಮ್ಮ?"

"ಅಲ್ಲ ಅಜ್ಜ, ಆರಾಮಿದೀನಿ."

"ಆಸ್ಪತ್ರೆಗೆ ಹೊರಟಿದ್ದಾ?"

"ಇಲ್ಲ, ಚಾ ಕುಡಿಯೋಕೆ."

ಅಜ್ಜ ಮೆಲ್ಲಗೆ ಹಿಂದೆ ಸರಿದು ಕೂತರು. ಇಳಿಯುವಾಗ ನನ್ನ ಕಿವಿಯಲ್ಲಿ, "ಗಟ್ಟಿ ಜನ ಮಾರಾಯ" ಅಂದರು.

ನನ್ನ ಡೈಲಾಗು

ಕೊನೆಗೆ ನನ್ನ ದಿನ ಬಂತು. ಕಂಬಳಿ ಹೊದ್ದು ಬಂಡೆಯ ಮೇಲೆ ಕೂತೆ. ಸುತ್ತ ಬಾಡಿಗೆ ಮಂಜು ತೇಲುತ್ತಿತ್ತು. ನಾಯಕಿ ಓಡಿ ಬಂದು ದಾರಿ ಕೇಳಬೇಕು, ನಾನು "ಈ ಕಾಡಿಂದ ಹೊರಗೆ ದಾರಿ ಇಲ್ಲ" ಅನ್ನಬೇಕು. ಬಂದಳು. ನಿಜವಾದ ಕಣ್ಣೀರು. "ದಾರಿ ಎಲ್ಲಿದೆ ಹೇಳಿ, ನಾನು ಮನೆಗೆ ಹೋಗ್ಬೇಕು" ಎಂದು ಕೈ ಹಿಡಿದುಕೊಂಡಳು. ನನಗೆ ಕ್ಯಾಮೆರಾ ಮರೆತೇ ಹೋಯಿತು.

"ಅಳಬ್ಯಾಡ ತಂಗಿ. ಆ ಮತ್ತಿ ಮರದ ಎಡಕ್ಕೆ ಇಳಿ, ಮಣ್ಣು ರಸ್ತೆ ಸಿಕ್ತದೆ. ರಿಪ್ಪನ್‌ಪೇಟೆ ಬಸ್ಸು ಬರೋ ಹೊತ್ತಾಯ್ತು."

"ಕಟ್!" ನಿರ್ದೇಶಕರು ಟೋಪಿ ನೆಲಕ್ಕೆ ಹೊಡೆದರು. "ಅವಳು ಬಸ್ ಹತ್ತಿದ್ರೆ ನನ್ನ ಸಿನಿಮಾ ಮುಗೀತಲ್ರೀ!"

ಮತ್ತೆ ತೆಗೆದರು, ಮತ್ತೆ ನನ್ನ ಕೈ ಎಡಕ್ಕೇ ಎದ್ದಿತು. ಕೊನೆಗೆ ಅವರೇ ಉಪಾಯ ಹೇಳಿದರು, "ಅವಳ ಮುಖ ನೋಡ್ಬೇಡಿ, ಮರ ನೋಡ್ಕೊಂಡು ಹೇಳಿ." ಹಾಗೇ ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಿನಿಮಾ ಸಾಗರಕ್ಕೆ ಬಂದಾಗ ಹೆಂಡತಿಯನ್ನು ಕರೆದುಕೊಂಡು ಹೋದೆ. ದಿನಾ ಓಡಾಡುವ ಕಾಡು ಪರದೆಯ ಮೇಲೆ ಎಲ್ಲೋ ಕನಸಿನಲ್ಲಿ ಕಂಡ ಊರಿನಂತಿತ್ತು. ನಮ್ಮ ಮತ್ತಿ ಮರವೇ ನನಗೆ ಗುರುತು ಸಿಗಲಿಲ್ಲ. ಆ ಹೊಗೆಯೊಳಗೆ ಬಂಡೆಯ ಮೇಲೆ ಕೂತ ನಾನು ಕಾಣಿಸಿದೆ. ಹುಡುಗಿ ಅತ್ತಳು. ನಾನು ಅವಳ ಕಡೆ ತಿರುಗಿಯೂ ನೋಡದೆ, ದಾರಿ ಇಲ್ಲ ಅಂದೆ. ಹಿಂದಿನ ಸಾಲಿನಲ್ಲಿ ಯಾರೋ "ಅಯ್ಯೋ" ಅಂದರು. ನನಗೇ ಮೈ ಜುಮ್ಮೆಂದಿತು.

ಹೊರಗೆ ಬಂದು ಜೀಪು ಹತ್ತಿದೆವು. ಹೆಂಡತಿ ಕಿಟಕಿಗೆ ಒರಗಿ ಕೂತಳು. ಊರು ದಾಟುವವರೆಗೂ ಅವಳ "ಪರವಾಗಿಲ್ಲ"ಕ್ಕೆ ಕಾದೆ. ನನಗೆ ತಡೆಯಲಾಗಲಿಲ್ಲ.

"ಹ್ಯಾಂಗಿತ್ತು ಮಾರಾಯ್ತಿ?"

ಅವಳು ಕಿಟಕಿಯಾಚೆಯ ಕಾಡು ನೋಡುತ್ತಲೇ ಕೇಳಿದಳು, "ಆವಾಗ ನಮ್ಮ ಜೀಪು ಎಲ್ಲಿತ್ತು?"

"ಅಲ್ಲೇ, ಬಂಡೆ ಹಿಂದೆ."

ಥಟ್ಟನೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು.

"ಪಾಪದ ಹುಡುಗಿ! ರಿಪ್ಪನ್‌ಪೇಟೆ ತನಕ ಬಿಟ್ಟು ಬರೋಕೆ ನಿಮಗೇನು ಧಾಡಿ ಆಗಿತ್ತು?"